ಎಡಗಡೆಯ ಹಳದಿ ಗೆರೆ

ಮಾರ್ಚ್ ೩, ಸೋಮವಾರ

ಇಪ್ಪತ್ತಾರು ವರ್ಷ ದಿನಾ ಸಂಜೆ ಟ್ರಿಪ್ ಶೀಟು ತುಂಬಿದ ಕೈ ಇದು. ಹೊರಟ ಸಮಯ, ತಲುಪಿದ ಸಮಯ, ಷರಾ. ಇವತ್ತು ಬಸ್ಸಿಲ್ಲ, ಟ್ರಿಪ್ಪಿಲ್ಲ, ಶೀಟೂ ಇಲ್ಲ. ಆದರೂ ಆರು ಗಂಟೆ ಹೊಡೆದದ್ದೇ ತಡ, ಕೈ ತಾನಾಗಿ ಪೆನ್ನು ಹುಡುಕಿತು. ಹೆಂಡತಿ ಕಿಟಕಿ ಪರದೆಗಳ ಅಳತೆ ಬರೆದುಕೊಳ್ಳುವ ಪುಸ್ತಕಗಳಲ್ಲಿ ಒಂದು ಖಾಲಿ ಬಿದ್ದಿತ್ತು, ಎತ್ತಿಕೊಂಡೆ. ಇದನ್ನು ಯಾರೂ ಓದಬೇಕಾಗಿಲ್ಲ.

ಹೊರಟ ಸಮಯ: ಬೆಳಿಗ್ಗೆ ಒಂಬತ್ತೂವರೆ, ನಡೆದುಕೊಂಡು. ತಲುಪಿದ್ದು: ಸಾರಿಗೆ ಕಚೇರಿ, ಮೂರನೇ ಕೌಂಟರ್. ಷರಾ: ಲೈಸೆನ್ಸ್ ಒಪ್ಪಿಸಲಾಯಿತು, ಮೂರು ತಿಂಗಳಿಗೆ ಅಮಾನತು.

ಅಪರಾಧವನ್ನೂ ಬರೆದುಬಿಡುತ್ತೇನೆ, ಹೋಗುವ ಮಾನವೆಲ್ಲ ಆಗಲೇ ಹೋಗಿದೆ. ಕುಡಿದು ಓಡಿಸಿದ್ದಲ್ಲ, ಯಾರಿಗೂ ಗುದ್ದಿದ್ದಲ್ಲ. ಬಸ್ಸಿಗೆಂದೇ ಹಳದಿ ಗೆರೆ ಎಳೆದು ಮೀಸಲಿಟ್ಟ ಲೇನಿನಲ್ಲಿ ನನ್ನ ಸ್ವಂತ ಕಾರು ಓಡಿಸಿದ್ದು. ಒಂದಲ್ಲ, ನಾಲ್ಕು ಸಲ. ನಾಲ್ಕೂ ಗುರುವಾರ, ನನ್ನ ವಾರದ ರಜೆಯ ದಿನ, ಹೆಂಡತಿ ಹೊಲಿದ ಪರದೆಗಳನ್ನು ಗಿರಾಕಿಗಳ ಮನೆಗೆ ಮುಟ್ಟಿಸಲು ಹೋಗುವಾಗ. ಕ್ಯಾಮೆರಾ ನಾಲ್ಕು ಸಲವೂ ಫೋಟೋ ಹೊಡೆದಿದೆ. ಒಂದು ಫೋಟೋದಲ್ಲಂತೂ ನಾನು ಹಿಂದೆ ಬರುತ್ತಿರುವ ಬಸ್ಸಿಗೆ ಕೈ ಬೀಸುತ್ತಿದ್ದೇನೆ.

ಕೌಂಟರಿನವನು ಫೈಲು ನೋಡಿದ, ನನ್ನ ಖಾಕಿ ನೋಡಿದ. “ನೀವು ಬಸ್ ಡ್ರೈವರ್ರಾ?” ಅಂದ. ಹೌದು ಅಂದೆ. “ಹಾಗಾದ್ರೆ ಅಭ್ಯಾಸಬಲ ಬಿಡಿ” ಅಂದು ನಾಲ್ಕನೇ ಕೌಂಟರಿನವಳನ್ನೂ ಕರೆದು ತೋರಿಸಿದ. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಮ್ಮ ಬಸ್ಸಿನ ಕಂಡಕ್ಟರ್ ಪೀಪಿ ನನ್ನ ಜೊತೆಗೇ ಬಂದಿದ್ದ. ಸೀಟಿ ಬಾಯಿಂದ ತೆಗೆಯುವುದೇ ಇಲ್ಲವಾದ್ದರಿಂದ ಅವನಿಗೆ ಆ ಹೆಸರು. ಅವನ ಬಾಯಲ್ಲಿ ಮಾತು ನಿಲ್ಲುವುದು ಸೀಟಿ ಇರುವಷ್ಟು ಹೊತ್ತು ಮಾತ್ರ. ಮಧ್ಯಾಹ್ನದ ಹೊತ್ತಿಗೆ ಇಡೀ ಡಿಪೋಗೆ ಸುದ್ದಿ. ನಾನು ನಡೆದು ಹೋಗುತ್ತಿದ್ದರೆ ಮೆಕ್ಯಾನಿಕ್ಕುಗಳು “ಬಸ್ಸು ಬಂತು, ದಾರಿ ಬಿಡ್ರಪ್ಪಾ” ಅಂತ ಬದಿಗೆ ಸರಿದು ನಿಂತರು. ನಾನೂ ನಕ್ಕೆ. ಅಳುವುದಕ್ಕಿಂತ ವಾಸಿ.

ಜೂನ್ ೨ಕ್ಕೆ ಗಡುವು ಮುಗಿಯುತ್ತದೆ. ಅವತ್ತು ಕಣ್ಣಿನ ಪರೀಕ್ಷೆ. ಪಾಸಾದರೆ ಲೈಸೆನ್ಸು ವಾಪಸ್, ನನ್ನ ೪೭ನೇ ನಂಬರ್ ಬಸ್ಸು ವಾಪಸ್. ನಿವೃತ್ತಿಗೆ ಇನ್ನು ಮೂರು ವರ್ಷವಿದೆ. ಆ ಮೂರು ವರ್ಷವನ್ನು ಆ ಸೀಟಿನಲ್ಲೇ ಕಳೆಯಬೇಕು. ನನಗೆ ಬೇರೇನೂ ಬರುವುದಿಲ್ಲ, ಬರಬೇಕೆಂಬ ಆಸೆಯೂ ಇಲ್ಲ.

ಮಾರ್ಚ್ ೫, ಬುಧವಾರ

ನನ್ನನ್ನು ‘ಸಿಕ್ಕಿದ ಸಾಮಾನಿನ ಕೋಣೆ’ಗೆ ಹಾಕಿದ್ದಾರೆ. ಜನ ಬಸ್ಸಿನಲ್ಲಿ ಮರೆತು ಹೋದದ್ದೆಲ್ಲ ಇಲ್ಲಿ ಬಂದು ಬೀಳುತ್ತದೆ. ನಲವತ್ತೊಂದು ಛತ್ರಿ, ಏಳು ಒಂಟಿ ಚಪ್ಪಲಿ, ಕುಕ್ಕರಿಲ್ಲದ ಒಂದು ಕುಕ್ಕರಿನ ಮುಚ್ಚಳ, ಕರವಸ್ತ್ರದಲ್ಲಿ ಸುತ್ತಿಟ್ಟ ಒಂದು ಹಲ್ಲಿನ ಸೆಟ್ಟು. ಆ ಹಲ್ಲಿನ ಯಜಮಾನ ಅವತ್ತು ಊಟ ಹೇಗೆ ಮಾಡಿದನೋ ಎಂಬ ಯೋಚನೆಯಲ್ಲೇ ನನ್ನ ಬೆಳಗು ಕಳೆಯಿತು. ಒಬ್ಬ ಹೆಂಗಸು ನಾಲ್ಕು ದಿನದ ಹಿಂದೆ ಬಿಟ್ಟು ಹೋದ ಊಟದ ಡಬ್ಬಿ ಕೇಳಿಕೊಂಡು ಬಂದರು. “ಇಲ್ಲಿ ಮಾತ್ರ ಮುಚ್ಚಳ ತೆಗೀಬೇಡಿ ಅಮ್ಮಾ” ಅಂತ ಕೈ ಮುಗಿದು ಕೊಟ್ಟು ಕಳಿಸಿದೆ.

ಬಾಗಿಲ ಎಡಗಡೆಗೆ ಒಂದು ಕಬ್ಬಿಣದ ಕಪಾಟು. ಒಳಗೆ ಹೋಗುವಾಗ ಒಂದು ಸಲ, ಬರುವಾಗ ಒಂದು ಸಲ ಭುಜಕ್ಕೆ ಬಡಿಯಿತು. ದಾರಿಗೆ ಅಡ್ಡ ಕಪಾಟು ಇಡುವ ಬುದ್ಧಿವಂತ ಯಾರೋ. ಸರಿಸೋಣವೆಂದರೆ ನೆಲಕ್ಕೆ ಮೊಳೆ ಹೊಡೆದಿದ್ದಾರೆ.

ಮಾರ್ಚ್ ೯, ಭಾನುವಾರ

ಒಂದು ಮಾತು ಮನಸ್ಸಿಗೆ ಚುಚ್ಚುತ್ತಿದೆ, ಬರೆದು ಹಗುರ ಮಾಡಿಕೊಳ್ಳುತ್ತೇನೆ. ನನ್ನ ಅನ್ನದ ದಾರಿ ಮುಚ್ಚಿ ಒಂದು ವಾರವಾಗಿದೆ. ಹೆಂಡತಿ ಹೊಲಿಗೆ ಯಂತ್ರದ ಮುಂದೆ ಕೂತು ಹಾಡು ಗುನುಗುತ್ತಿದ್ದಾಳೆ.

ಮದುವೆಯಾದ ಹೊಸತರಲ್ಲಿ ಗುನುಗುತ್ತಿದ್ದಳು. ಆಮೇಲೆ ಯಾವಾಗಲೋ ನಿಂತಿತ್ತು, ನಾನೂ ಮರೆತಿದ್ದೆ. ಈಗ ಬೆಳಿಗ್ಗೆ ಪೆಡಲ್ ತುಳಿಯಲು ಶುರು ಮಾಡಿದರೆ ಗುನುಗೂ ಶುರು. ರಾತ್ರಿ ದಿಂಬಿಗೆ ತಲೆ ಇಟ್ಟ ಕೂಡಲೇ ನಿದ್ದೆ. ಹೋದ ವರ್ಷವೆಲ್ಲ ಮಗ್ಗುಲಾಗುತ್ತಾ ಇದ್ದವಳು ಇವಳೇನಾ ಅನ್ನಿಸುತ್ತದೆ.

“ಏನು, ಬಹಳ ಖುಷಿಯಲ್ಲಿದ್ದೀಯ?” ಅಂತ ಕೇಳಿಯೇಬಿಟ್ಟೆ.

“ನೀವು ಮನೇಲಿದ್ದೀರಲ್ಲ, ಅದಕ್ಕೆ” ಅಂದಳು.

“ನನ್ನ ಲೈಸೆನ್ಸು ಹೋದದ್ದು ನಿನಗೆ ಹಬ್ಬ ಅನ್ನು.”

“ಸೂಜಿಗೆ ದಾರ ಪೋಣಿಸಿ ಕೊಡಿ, ಸುಮ್ನೆ ಮಾತಾಡ್ಬೇಡಿ” ಅಂದಳು.

ಪೋಣಿಸಿಕೊಟ್ಟೆ. ಒಂದೇ ಸಲಕ್ಕೆ, ಸೂಜಿಯ ಕಣ್ಣಿಗೆ ನೇರ. ಅವಳಿಗೆ ಕನ್ನಡಕ ಹಾಕಿಕೊಂಡರೂ ಐದು ಸಲ ಬೇಕು. ನನ್ನ ಕಣ್ಣು ಹದ್ದಿನ ಕಣ್ಣು. ಐವತ್ತೇಳಾದರೂ ಎದುರಂಗಡಿಯ ಬೋರ್ಡಿನ ಸಣ್ಣಕ್ಷರ ಇಲ್ಲಿಂದಲೇ ಓದುತ್ತೇನೆ.

ಮಾರ್ಚ್ ೧೫, ಶನಿವಾರ

ಅಮಾನತಾದವರೆಲ್ಲ ಎಂಟು ಶನಿವಾರ ರಸ್ತೆ ನಿಯಮದ ಪಾಠಕ್ಕೆ ಹೋಗಬೇಕೆಂದು ಆದೇಶ. ಮೇಡಂ ನನ್ನ ಮಗಳಿಗಿಂತ ಚಿಕ್ಕವಳು. ನಾವು ಹನ್ನೊಂದು ಜನ ಅಪರಾಧಿಗಳು ಪುಟ್ಟ ಕುರ್ಚಿಗಳಲ್ಲಿ ಮೊಣಕಾಲು ಮಡಚಿ ಕೂತಿದ್ದೆವು. ಒಬ್ಬೊಬ್ಬರೂ ಎದ್ದು ನಿಂತು ತಪ್ಪು ಹೇಳಬೇಕಂತೆ. ಒಬ್ಬ ಅತಿ ವೇಗ, ಒಬ್ಬ ಫೋನು, ಒಬ್ಬಾಕೆ ಕೆಂಪು ದೀಪ. ನನ್ನ ಸರದಿ ಬಂತು. ಪೀಪಿ ಡಿಪೋದಲ್ಲಿ ಹೇಳುವ ಹಾಗೆಯೇ ಕೈ ಬೀಸಿ, ಹಾರ್ನ್ ಹೊಡೆದು ತೋರಿಸಿ ಹೇಳಿದೆ. ಎಲ್ಲರೂ ಬಿದ್ದು ಬಿದ್ದು ನಕ್ಕರು.

ಮೇಡಂ ನಗಲಿಲ್ಲ. “ಲೇನಿಗೆ ಹೋಗೋವಾಗ ಆ ಹಳದಿ ಗೆರೆ ಕಾಣಿಸ್ತಾ ಸರ್ ನಿಮಗೆ?” ಅಂದಳು.

“ಕಾಣದೆ ಏನಮ್ಮಾ? ಇಪ್ಪತ್ತಾರು ವರ್ಷದಿಂದ ಅದೇ ಗೆರೆ ನೋಡ್ತಿದ್ದೀನಿ.”

“ಆ ವರ್ಷಗಳ ಮಾತಲ್ಲ. ಆ ನಾಲ್ಕು ದಿನ ಕಾಣಿಸ್ತಾ ಅಂತ.”

“ಕಾಣಿಸ್ತು” ಅಂತ ಕೂತೆ. ಕಿವಿ ಬಿಸಿಯಾಯಿತು. ಮೂಗಿನ ತುದಿಯಲ್ಲೇ ಕೋಪ ನನಗೆ, ಮೊದಲಿಂದಲೂ.

ಬರುವಾಗ ಬೇಕೆಂದೇ ಆ ರಸ್ತೆಯಲ್ಲಿ ನಡೆದು ಬಂದೆ. ಗೆರೆ ಇದೆ. ಆದರೆ ಬಣ್ಣ ಸರಿಯಿಲ್ಲ, ಅಲ್ಲಲ್ಲಿ ಸವೆದಿದೆ. ಬೋರ್ಡನ್ನೂ ಕಂಬದ ಮೇಲೆ ತೀರಾ ಎಡಕ್ಕೆ ಹಾಕಿದ್ದಾರೆ. ಮನೆಗೆ ಬಂದು ಹೆಂಡತಿಗೆ ಹೇಳಿದರೆ, “ಕುಣಿಯಲಾರದವಳು ನೆಲ ಡೊಂಕು ಅಂದಳಂತೆ” ಅಂದಳು. ಇಷ್ಟಂದು ಗುನುಗು ನಿಲ್ಲಿಸಿ ನನ್ನನ್ನೇ ನೋಡಿದಳು. ನಾನು ಎದ್ದು ಹೋಗಿ ಟೀ ಕಾಸಿಕೊಂಡೆ.

ಮಾರ್ಚ್ ೨೭, ಗುರುವಾರ

ಕೋಣೆ, ಛತ್ರಿ, ಕಪಾಟು. ಭುಜ ನೀಲಿಗಟ್ಟಿದೆ. ಹೆಂಡತಿ ಮುಲಾಮು ಹಚ್ಚಿದಳು, ಏನೂ ಕೇಳಲಿಲ್ಲ. ಇನ್ನು ಅರವತ್ತೇಳು ದಿನ.

ಏಪ್ರಿಲ್ ೬, ಭಾನುವಾರ

ಮಗಳು ಪುಟ್ಟಿಯನ್ನು ಬಿಟ್ಟು ಹೋದಳು. ಇನ್ನು ಮುಂದೆ ಭಾನುವಾರ ಮಗಳಿಗೆ ಕೆಲಸವಿರುತ್ತದೆ, ಮೊಮ್ಮಗಳು ನಮ್ಮ ಪಾಲಿಗೆ. ಐದು ವರ್ಷದ ಮಗು, ಐವತ್ತು ವರ್ಷದ ಬಾಯಿ. “ಅಜ್ಜ, ನಿನ್ನ ಬಸ್ಸಿಗೆ ಜ್ವರ ಬಂದಿದೆಯಾ?” ಅಂತ ಕೇಳಿದಳು. ಹೂಂ ಅಂದೆ, ಜೂನ್‌ಗೆ ವಾಸಿಯಾಗುತ್ತೆ ಅಂದೆ.

ಹಿಂದಿನ ಪಾರ್ಕಿನಲ್ಲಿ ಕಣ್ಣಾಮುಚ್ಚಾಲೆ ಆಡಿದೆವು. ಮರಕ್ಕೆ ಮುಖ ಮಾಡಿ ಇಪ್ಪತ್ತರವರೆಗೆ ಎಣಿಸಿ ತಿರುಗಿದರೆ ಮಗು ಮಾಯ. ಜಾರುಬಂಡೆಯ ಹಿಂದಿಲ್ಲ, ಬೆಂಚಿನ ಕೆಳಗಿಲ್ಲ, ನಲ್ಲಿಯ ಕಟ್ಟೆಯ ಹತ್ತಿರವೂ ಇಲ್ಲ. ಹೆಸರು ಹಿಡಿದು ಕೂಗಬೇಕು ಅನ್ನುವ ಹೊತ್ತಿಗೆ ಪಕ್ಕದಲ್ಲೇ ಕಿಸಕ್ಕೆಂದು ನಗು. ಎಲ್ಲಿಂದ ಬಂದಳೋ. ಆರು ಸಲ ಆಡಿದೆವು, ಆರು ಸಲವೂ ಅವಳೇ ಗೆದ್ದಳು. ಹೆಂಡತಿಗೆ ಹೇಳಿ ಹೆಮ್ಮೆಪಟ್ಟೆ. ಅಡಗುವುದರಲ್ಲಿ ಇವಳನ್ನು ಮೀರಿಸುವವರಿಲ್ಲ, ಪೊಲೀಸರಿಗೂ ಸಿಗಲಾರಳು.

ಹೆಂಡತಿ ನಗಲಿಲ್ಲ. ಸುಸ್ತಾಗಿತ್ತೇನೋ.

ಏಪ್ರಿಲ್ ೧೧, ಶುಕ್ರವಾರ

ಟೀ ಲೋಟ ಮೇಜಿನಿಂದ ಬಿತ್ತು. ಎಡಗೈ ಹತ್ತಿರ ಇಟ್ಟವರು ಯಾರು ಅಂತ ರೇಗಿದೆ. ನಾನೇ ಇಟ್ಟಿದ್ದಂತೆ. ಒರೆಸಿದೆ. ಅವಳು ಬಟ್ಟೆ ಕೊಡಲು ಬಂದಾಗ “ಬಿಡು, ನಾನು ಚೆಲ್ಲಿದ್ದು ನಾನೇ ಒರೆಸ್ತೀನಿ” ಅಂದೆ. ಅವಳು ಬಾಗಿಲಲ್ಲಿ ನಿಂತು ಅದೇನು ಅಪರೂಪದ ದೃಶ್ಯವೋ ಎಂಬಂತೆ ನೋಡಿದಳು.

ಏಪ್ರಿಲ್ ೨೨, ಮಂಗಳವಾರ

ಇವತ್ತು ಡಿಪೋದಿಂದ ಮನೆಗೆ ನನ್ನದೇ ೪೭ರಲ್ಲಿ ಪ್ರಯಾಣಿಕನಾಗಿ ಬಂದೆ. ಇಷ್ಟು ದಿನ ಹಠ ಮಾಡಿ ನಡೆಯುತ್ತಿದ್ದೆ. ನನ್ನ ಬದಲಿಗೆ ಬಂದಿರುವ ಹುಡುಗ ಓಡಿಸುತ್ತಿದ್ದ. ಪೀಪಿ ಮೊದಲ ಸೀಟು ಬಿಡಿಸಿ ಕೂರಿಸಿದ.

ಬಸ್ಸು ಒಳಗಿನಿಂದ ಇಷ್ಟು ಚೆಂದ ಎಂದು ನನಗೆ ಗೊತ್ತೇ ಇರಲಿಲ್ಲ. ನಾನು ನೋಡಿದ್ದು ಕನ್ನಡಿಯಲ್ಲಿ ಅಂಗೈಯಗಲದ ಮುಖಗಳನ್ನು ಮಾತ್ರ. ಇಲ್ಲಿ ಕೂತು ಹಿಂದಕ್ಕೆ ತಿರುಗಿದರೆ ನಿದ್ದೆ ಹೋದ ಹೆಂಗಸಿನ ತಲೆ ಅಪರಿಚಿತನ ಭುಜಕ್ಕೆ ವಾಲುವುದು, ಅವನು ಅಲ್ಲಾಡದೆ ಕೂರುವುದು, ಎಲ್ಲ ಕಾಣುತ್ತದೆ. ಎಳೆಮಗುವನ್ನು ಎತ್ತಿಕೊಂಡ ಗಂಡಸೊಬ್ಬ ಇಳಿಯುವಾಗ ನಾಲ್ಕು ಜನ ಅವನ ಚೀಲ ಹಿಡಿದುಕೊಂಡರು. ಇಷ್ಟು ಜನರನ್ನು ದಿನಾ ನಾನು ಹೊತ್ತುಕೊಂಡು ತಿರುಗುತ್ತಿದ್ದೆನಾ ಅನ್ನಿಸಿತು.

ಹುಡುಗ ಚೆನ್ನಾಗಿಯೇ ಓಡಿಸುತ್ತಾನೆ. ಒಂದೇ ತಕರಾರು, ಕೋಳಿಯ ಹಾಗೆ ಕತ್ತು ಆಡಿಸುತ್ತಾನೆ. ಪೀಪಿಗೆ ಹೇಳಿದೆ.

“ನೀನೂ ಹಾಗೇ ಆಡಿಸ್ತಿದ್ದೆಯಲ್ಲ ಗುರೂ” ಅಂದ. “ಹೋದ ವರ್ಷದಿಂದ. ಎಡಗಡೆಗೆ ಜಾಸ್ತಿ. ಕತ್ತು ನೋವು ಅಂದ್ಕೊಂಡಿದ್ದೆ.”

ನನಗೆ ಕತ್ತು ನೋವೇನೂ ಇಲ್ಲ. ಈ ಪೀಪಿಗೆ ಸುಮ್ಮನಿರುವುದೇ ಗೊತ್ತಿಲ್ಲ.

ಮೇ ೩, ಶನಿವಾರ

ಪಾಠ ಇವತ್ತಿಗೆ ಮುಗಿಯಿತು. ಮೇಡಂ ಎಲ್ಲರಿಗೂ ಸರ್ಟಿಫಿಕೇಟು ಕೊಟ್ಟಳು. ನನ್ನದನ್ನು ಕೊಡುವಾಗ “ಆ ದಿನ ಬೇಜಾರು ಮಾಡಿದ್ರೆ ಕ್ಷಮಿಸಿ ಸರ್” ಅಂದಳು. ಏನಿಲ್ಲಮ್ಮಾ ಅಂದೆ. ಒಳ್ಳೆಯ ಮಗು. ಸಂಜೆ ಹೆಂಡತಿಗೆ ಹದಿನಾಲ್ಕು ಸೂಜಿಗೆ ದಾರ ಪೋಣಿಸಿಟ್ಟೆ, ನಾಳೆ ಅವಳಿಗೆ ಹೋಟೆಲಿನವರ ದೊಡ್ಡ ಕೆಲಸವಿದೆ.

ಮೇ ೧೧, ಭಾನುವಾರ

ಇವತ್ತಿನದನ್ನು ಬರೆಯಲೋ ಬೇಡವೋ ಎಂದು ಎರಡು ಸಲ ಪುಸ್ತಕ ಮುಚ್ಚಿದೆ.

ಪಾರ್ಕಿನಲ್ಲಿ ಪುಟ್ಟಿ ಮತ್ತೆ ನಾಲ್ಕು ಸಲ ಗೆದ್ದಳು. ಬೆಂಚಿನ ಮೇಲೆ ಕೂತು ಕೇಳಿದೆ. “ಎಲ್ಲಿ ಅಡಗ್ತೀಯ ಹೇಳೇ. ನಾನೂ ಅಲ್ಲೇ ಅಡಗಿ ನಿನ್ನ ಅಮ್ಮನ್ನ ಹೆದರಿಸ್ತೀನಿ.”

“ನಾನು ಅಡಗಲ್ಲ ಅಜ್ಜ. ಸುಮ್ನೆ ನಿಂತ್ಕೋತೀನಿ.”

“ಎಲ್ಲಿ?”

“ಇಲ್ಲಿ.” ನನ್ನ ಎಡಗೈಯ ಮೊಣಕೈ ತಟ್ಟಿದಳು. “ನಿನ್ನ ಈ ಕಡೆ ಬಂದ್ರೆ ನಾನು ಮಾಯ ಆಗ್ತೀನಿ. ನೀನು ತಿರುಗಿದ್ರೆ ನಾನೂ ತಿರುಗ್ತೀನಿ. ಅಮ್ಮನ ಹತ್ರ ಮಾಡಿದೆ, ಅಮ್ಮ ನೋಡ್ಬಿಟ್ಲು. ಅಜ್ಜಿ ಹತ್ರಾನೂ ಆಗಲ್ಲ. ನಿನ್ನ ಹತ್ರ ಮಾತ್ರ ಆಗುತ್ತೆ.”

ಬೆಂಚಿನಿಂದ ಎದ್ದೆ.

ಜಾರುಬಂಡೆಯ ಮೇಲೊಂದು ಕೆಂಪು ಬೋಲ್ಟು ಇದೆ. ಅದನ್ನೇ ನೋಡುತ್ತಾ ನಿಂತೆ. ಬಲಗಣ್ಣು ಮುಚ್ಚಿಕೊಂಡೆ. “ಈಗ ನನ್ನ ಹಿಂದಿನಿಂದ ಮೆಲ್ಲಗೆ ಮುಂದೆ ಬಾ ಪುಟ್ಟೀ, ಒಂದೊಂದೇ ಹೆಜ್ಜೆ. ಪ್ರತಿ ಹೆಜ್ಜೆಗೂ ಕಂಡ್ನಾ ಅಂತ ಕೇಳು.”

“ಕಂಡ್ನಾ?” ಇಲ್ಲ. “ಕಂಡ್ನಾ?” ಇಲ್ಲ. “ಕಂಡ್ನಾ?” ಇಲ್ಲ. ಅವಳಿಗೆ ಖುಷಿಯೋ ಖುಷಿ. ಅವಳ ದನಿ ಭುಜದ ಹತ್ತಿರ ಬಂತು, ಮುಖದ ಹತ್ತಿರ ಬಂತು. ಅವಳು ಕಂಡದ್ದು ಹೆಚ್ಚುಕಡಿಮೆ ನನ್ನ ಮೂಗಿನ ಎದುರಿಗೆ ಬಂದ ಮೇಲೆ. ಆ ಬದಿಯೆಲ್ಲ ಕತ್ತಲೇನಲ್ಲ. ಕತ್ತಲಾಗಿದ್ದರೆ ಎಂದೋ ಗೊತ್ತಾಗುತ್ತಿತ್ತು. ಅಲ್ಲಿ ಏನೂ ಇರಲಿಲ್ಲ, ಅಷ್ಟೇ. ಇಲ್ಲದ್ದು ಇಲ್ಲವೆಂದು ಹೇಗೆ ಗೊತ್ತಾಗಬೇಕು?

ಬಲಗಡೆ ಸರಿಯಿದೆ. ಕಿವಿಯ ಪಕ್ಕಕ್ಕೆ ಬಂದಾಗಲೇ ಕಂಡಳು.

ಕಪಾಟು, ಟೀ ಲೋಟ, ಆ ಹಳದಿ ಗೆರೆ. ನಾಲ್ಕು ಸಲ. ಅಭ್ಯಾಸಬಲವಂತೆ. ಊರೆಲ್ಲ ನಕ್ಕಿತು, ನಾನೂ ನಕ್ಕೆ.

ಬಸ್ಸಿನ ಬಾಗಿಲಿರುವುದು ಎಡಗಡೆಗೇ. ಫುಟ್‌ಪಾತು ಎಡಗಡೆಗೆ. ಶಾಲೆಯ ಮಕ್ಕಳು ಚೀಲ ಹಾಕಿಕೊಂಡು ಓಡಿಬರುವುದು ಎಡಗಡೆಯಿಂದ.

“ಅಜ್ಜಿಗೆ ಹೇಳ್ಬೇಡ” ಅಂದೆ ಪುಟ್ಟಿಗೆ.

“ಗುಟ್ಟಾ?”

“ಹೂಂ, ಗುಟ್ಟು.” ಮಗುವಿನ ಹತ್ತಿರ ಮಾತು ತೆಗೆದುಕೊಂಡ ನನಗೆ ನಾಚಿಕೆಯಾಯಿತು.

ಮೇ ೧೬, ಶುಕ್ರವಾರ

ನಾಲ್ಕು ದಿನ ಬರೆದಿಲ್ಲ.

ಪೀಪಿಯನ್ನು ಸುತ್ತಿ ಬಳಸಿ ಕೇಳಿದೆ, ಪರೀಕ್ಷೆಯಲ್ಲಿ ಏನೇನು ನೋಡುತ್ತಾರೆ ಅಂತ. “ಗೋಡೆ ಮೇಲೆ ಅಕ್ಷರ ಇರುತ್ತೆ ಗುರೂ, ಓದೋದು, ಸೀಲು ಹಾಕಿಸ್ಕೊಂಡು ಬರೋದು. ನಿನ್ನ ಕಣ್ಣಿಗೆ ಅದೇನು ಮಹಾ?” ಅಂದ.

ನಿಜ. ಅಕ್ಷರ ಎದುರಿಗಿರುತ್ತದೆ. ಎದುರಿಗಿದ್ದದ್ದು ಇರುವೆಯಾದರೂ ನನಗೆ ಕಾಣುತ್ತದೆ. ನಾನು ಸುಳ್ಳು ಹೇಳಬೇಕಾಗಿಯೂ ಇಲ್ಲ, ತುಟಿ ಪಿಟಕ್ಕೆನ್ನದಿದ್ದರೆ ಸಾಕು. ಮೂರು ವರ್ಷ ತಾನೇ? ಕತ್ತು ಇನ್ನಷ್ಟು ತಿರುಗಿಸಿದರಾಯಿತು. ಆ ಹುಡುಗ ಕೋಳಿಯ ಹಾಗೆ ತಿರುಗಿಸುತ್ತಾನಲ್ಲ, ಹಾಗೆ. ಸಾಮಾನಿನ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಅಭ್ಯಾಸ ಮಾಡಿದೆ. ಎಡಕ್ಕೆ, ಎದುರಿಗೆ, ಎಡಕ್ಕೆ, ಎದುರಿಗೆ.

ಎದುರಿಗೆ ನೋಡುವಾಗ ಎಡಕ್ಕೆ ಬಂದವರ ಗತಿ?

ನಾನು ಓಡಿಸದಿದ್ದರೆ ನಾನು ಯಾರು? ಇದನ್ನೂ ಬರೆದಿಡುತ್ತೇನೆ, ಯಾರೂ ಓದುವುದಿಲ್ಲ.

ಮೇ ೨೫, ಭಾನುವಾರ

ಹೆಂಡತಿ ಗುನುಗುತ್ತಿಲ್ಲ. ನೆನಪು ಮಾಡಿಕೊಂಡರೆ ಹತ್ತು ದಿನದಿಂದಲೇ ಇಲ್ಲ. ಗೋಡೆಯ ಕ್ಯಾಲೆಂಡರಿನ ಮುಂದೆ ಸುಮ್ಮನೆ ನಿಂತಿರುತ್ತಾಳೆ. ರಾತ್ರಿ ಮತ್ತೆ ಮಗ್ಗುಲಾಗುತ್ತಿದ್ದಾಳೆ.

“ಹುಷಾರಿಲ್ವಾ?” ಅಂದೆ.

“ದಾರ ಪದೇ ಪದೇ ತುಂಡಾಗ್ತಿದೆ, ಅಷ್ಟೇ.”

ಟೀ ಮಾಡಿಕೊಟ್ಟೆ. ಪಾತ್ರೆ ತೊಳೆದೆ. ಅವಳ ಬಟ್ಟೆಯ ಚೂರುಗಳನ್ನೆಲ್ಲ ಗುಡಿಸಿ ಚೀಲಕ್ಕೆ ತುಂಬಿದೆ. ಇದೆಲ್ಲ ನಾನು ಯಾವಾಗಿನಿಂದ ಮಾಡುತ್ತಿದ್ದೇನೋ ನನಗೇ ನೆನಪಿಲ್ಲ. ಅವಳು ಲೋಟ ಹಿಡಿದುಕೊಂಡು ಬಹಳ ಹೊತ್ತು ನನ್ನನ್ನೇ ನೋಡಿದಳು. ಏನೋ ಕೇಳಲು ಬಂದವಳು ಯಂತ್ರದ ಕಡೆ ತಿರುಗಿಕೊಂಡಳು.

ಜೂನ್ ೧, ಭಾನುವಾರ

ಪುಟ್ಟಿ ಕಣ್ಣಾಮುಚ್ಚಾಲೆ ಅಂದಳು. ಬೇಡ, ಬನ್ನು ತರೋಣ ಬಾ ಅಂತ ಅಂಗಡಿಗೆ ಕರೆದುಕೊಂಡು ಹೋದೆ. ರಸ್ತೆ ದಾಟುವಾಗ ಅವಳನ್ನು ಬಲಗಡೆಗೆ ಹಾಕಿಕೊಂಡೆ. “ಯಾಕಜ್ಜ ಈ ಕಡೆ?” ಅಂದಳು. ಈ ಕಡೆ ನೀನು ಮಾಯ ಆಗಲ್ಲ ಅಂದೆ. ಅಂಗಡಿಯಿಂದ ಬರುವಾಗ ತಾನಾಗಿಯೇ ಸುತ್ತಿ ಬಂದು ನನ್ನ ಬಲಗೈ ಹಿಡಿದುಕೊಂಡಳು.

ನಾಳೆ ಪರೀಕ್ಷೆ. ಹೆಂಡತಿ ಖಾಕಿ ಇಸ್ತ್ರಿ ಮಾಡುತ್ತಿದ್ದಾಳೆ. ಒಂದೇ ತೋಳನ್ನು ಎಷ್ಟು ಸಲ ಉಜ್ಜುತ್ತಾಳೋ.

ಜೂನ್ ೨, ಸೋಮವಾರ

ಹತ್ತು ಗಂಟೆಗೆ ಕರೆದರು. ಹೆಂಡತಿ ಹೊರಗೆ ಬೆಂಚಿನ ಮೇಲೆ ಕೂತಳು. ಡಾಕ್ಟರಮ್ಮ ನಗುಮುಖದವಳು. ಗೋಡೆಯ ಅಕ್ಷರಗಳನ್ನು ಮೇಲಿನಿಂದ ಓದಿದೆ. ಬಲಗಣ್ಣು ಮುಚ್ಚಿ ಓದಿದೆ, ಎಡಗಣ್ಣು ಮುಚ್ಚಿ ಓದಿದೆ. ಕೊನೆಯ ಸಾಲನ್ನೂ ಬಿಡಲಿಲ್ಲ.

“ಹುಡುಗರೂ ಈ ಸಾಲು ಓದಲ್ಲ ಸರ್” ಅಂದಳು. ಸೀಲು ಕೈಗೆತ್ತಿಕೊಂಡು ಇಂಕಿಗೆ ಒತ್ತಿದಳು.

ಸುಮ್ಮನಿರುತ್ತೇನೆಂದೇ ಬಂದಿದ್ದೆ. ದೇವರಾಣೆ, ಆ ಕುರ್ಚಿಯಲ್ಲಿ ಕೂರುವವರೆಗೂ ಹಾಗೇ ಅಂದುಕೊಂಡಿದ್ದೆ. ಆದರೆ ಸೀಲು ಕಾಗದದ ಮೇಲಕ್ಕೆ ಬಂದಾಗ ನನ್ನ ಬಾಯಿ ನನ್ನ ಮಾತು ಕೇಳಲಿಲ್ಲ.

“ಡಾಕ್ಟರಮ್ಮ, ಒಂದು ನಿಮಿಷ ಅದನ್ನ ಒತ್ಬೇಡಿ. ನನ್ನ ಎಡಗಡೆ ಬಂದು ನಿಂತ್ಕೊಳ್ಳಿ.”

“ಯಾಕೆ?”

“ಅಲ್ಲಿ ನನಗೆ ಜನ ಕಾಣಲ್ಲ.”

ಅವಳ ನಗು ಹೋಯಿತು. ಸೀಲು ಕೆಳಗಿಟ್ಟಳು. ನನ್ನ ಬಲಗಣ್ಣು ಮುಚ್ಚಿಸಿ “ನನ್ನ ಮೂಗನ್ನೇ ನೋಡ್ತಾ ಇರಿ” ಅಂದಳು, ಬದಿಯಲ್ಲಿ ಬೆರಳು ಆಡಿಸುತ್ತಾ ಎಷ್ಟು ಅಂತ ಕೇಳಿದಳು. ಎಡಗಡೆ ಬೆರಳೂ ಇಲ್ಲ, ಕೈಯೂ ಇಲ್ಲ. ಆಮೇಲೆ ಒಳಗಿನ ಕೋಣೆಯಲ್ಲಿ ಬಟ್ಟಲಿನಂಥ ಯಂತ್ರದೊಳಗೆ ಗಲ್ಲ ಇಡಿಸಿದರು. ಬೆಳಕಿನ ಚುಕ್ಕೆ ಕಂಡಾಗ ಗುಂಡಿ ಒತ್ತಬೇಕು. ನಾನು ಕಾಯುತ್ತಾ ಕೂತೆ. ಬಹಳ ಹೊತ್ತು ಒತ್ತುವಂಥದ್ದೇನೂ ಬರಲಿಲ್ಲ.

ಗ್ಲಾಕೋಮ ಅಂತೆ. ಕಣ್ಣೊಳಗಿನ ಒತ್ತಡ ಹೆಚ್ಚಾಗಿ ಅಂಚಿನಿಂದ ಒಂದೊಂದೇ ಚೂರು ನೋಟ ಹೋಗುತ್ತಾ ಬರುತ್ತದಂತೆ. ನೋವಿಲ್ಲ, ಸುಳಿವಿಲ್ಲ. ಎಡಗಣ್ಣಿನದು ಬಹಳ ಹೋಗಿದೆ, ಬಲಗಣ್ಣಿಗೆ ಈಗ ತಾನೇ ಶುರು. ಹೋದದ್ದು ವಾಪಸ್ ಬರುವುದಿಲ್ಲ. ದಿನಾ ಔಷಧಿಯ ಹನಿ ಬಿಟ್ಟುಕೊಂಡರೆ, ತಪ್ಪದೆ ತೋರಿಸುತ್ತಿದ್ದರೆ, ಉಳಿದದ್ದನ್ನು ಉಳಿಸಿಕೊಳ್ಳಬಹುದು. “ಇನ್ನೊಂದೆರಡು ವರ್ಷ ಹೀಗೇ ಬಿಟ್ಟಿದ್ರೆ ಅಕ್ಷರಾನೂ ಹೋಗ್ತಿತ್ತು. ನೀವಾಗೇ ಹೇಳಿದ್ದು ಒಳ್ಳೇದಾಯ್ತು” ಅಂದಳು. ಕಾಗದದ ಮೇಲೆ ಬೇರೆ ಸೀಲು ಒತ್ತಿದಳು. ಬಸ್ಸು ಓಡಿಸುವಂತಿಲ್ಲ, ಕಾರೂ ಇಲ್ಲ, ಇನ್ನು ಮುಂದೆ ಯಾವುದೂ ಇಲ್ಲ.

ಹೊರಗೆ ಬಂದೆ. ಹೆಂಡತಿ ಎದ್ದು ನಿಂತಳು. ನಾನು ಕಾಗದ ಕೊಟ್ಟೆ. ಅವಳು ಕನ್ನಡಕ ಹುಡುಕಿ, ಹಾಕಿಕೊಂಡು, ಓದಿದಳು. ಎರಡು ಕೈಯಲ್ಲೂ ಮುಖ ಮುಚ್ಚಿಕೊಂಡು ಮತ್ತೆ ಬೆಂಚಿನ ಮೇಲೆ ಕೂತಳು.

“ನಾನೇ ಹೇಳಿದೆ ಕಣೇ. ಅವರಿಗೆ ಗೊತ್ತಾಗ್ತಿರಲಿಲ್ಲ” ಅಂದೆ.

ಅವಳು ತಲೆ ಆಡಿಸಿದಳು. ಅಳುತ್ತಿದ್ದಳು. ಪಕ್ಕದಲ್ಲಿ ಕೂತು ಬೆನ್ನು ಸವರಿದೆ. ಇಪ್ಪತ್ತಾರು ವರ್ಷದ ಬದುಕು ಹೋಯಿತಲ್ಲ ಅಂತ ನನಗಾಗಿ ಅಳುತ್ತಿದ್ದಾಳೆ ಅಂದುಕೊಂಡೆ. ಅದೂ ಇತ್ತೇನೋ.

ಮನೆಗೆ ೪೭ ಹತ್ತಿದೆವು. ಪೀಪಿ ನನ್ನ ಮುಖ ನೋಡಿದ, ಸೀಟಿ ಬಾಯಿಂದ ತೆಗೆದ, ಏನೂ ಅನ್ನಲಿಲ್ಲ. ಅವನಿಗೂ ಸುಮ್ಮನಿರಲು ಬರುತ್ತದೆ ಎಂದು ಇವತ್ತೇ ಗೊತ್ತಾದದ್ದು. ಮುಂದಿನ ಸೀಟುಗಳೆಲ್ಲ ಖಾಲಿ ಇದ್ದವು. ಹೆಂಡತಿ ಅವುಗಳ ಕಡೆ ನೋಡಲೂ ಇಲ್ಲ. ನೇರ ಹಿಂದಕ್ಕೆ ಹೋಗಿ ಕೊನೆಯ ಸೀಟಿನ ಮೂಲೆಯಲ್ಲಿ ಕೂತಳು.

“ಮುಂದೆ ಇಷ್ಟೊಂದು ಜಾಗ ಇದೆಯಲ್ಲೇ” ಅಂದೆ.

“ಅತ್ತಿಗೆ ಸೀಟು ಅದೇ ಗುರೂ” ಅಂದ ಪೀಪಿ. “ಹೋದ ವರ್ಷ ಪೂರ್ತಿ ಅಲ್ಲೇ. ದಿನಾ ಮಧ್ಯಾಹ್ನದ ಟ್ರಿಪ್ಪಿಗೆ ಹಿಂದಿನ ಬಾಗಿಲಲ್ಲಿ ಹತ್ತಿ ಹಿಂದಿನ ಬಾಗಿಲಲ್ಲೇ ಇಳೀತಿದ್ರು. ನಿನಗೆ ಹೇಳ್ಬಾರ್ದು ಅಂತ ನನ್ನ ಕೈಲಿ ಆಣೆ ಹಾಕಿಸಿದ್ರು. ಇವತ್ತು ಮುರಿದೆ, ಕ್ಷಮಿಸಿ ಅತ್ತಿಗೆ.”

ಅಷ್ಟು ಹೇಳಿ ಮುಂದಕ್ಕೆ ಹೊರಟುಹೋದ. ನಾನು ಅವಳ ಪಕ್ಕ ಕೂತೆ. ಬಸ್ಸು ಹೊರಟಿತು.

“ಗೊತ್ತಿತ್ತಾ ನಿನಗೆ?”

“ನೀವು ಗೇಟಿನ ಕಂಬಕ್ಕೆ ಕಾರು ಉಜ್ಜಿದಿರಲ್ಲ, ಎಡಗಡೆ. ಕಂಬ ಕಾಣಲಿಲ್ಲ ಅಂದ್ರಿ. ಕಂಬ ಓಡಿ ಬರೋ ವಸ್ತು ಅಲ್ಲವಲ್ಲ. ಅವತ್ತಿಂದ ಅನುಮಾನ.”

“ಹೇಳಬಾರದಿತ್ತೇನೇ?”

“ಮೂರು ಸಲ ಬಾಯಿ ತೆಗೆದೆ. ಒಂದು ಸಲ ನೀವು ರೇಗಿದ್ರಿ. ಇನ್ನೆರಡು ಸಲ ನಾನೇ ನುಂಗಿದೆ. 
ಬಸ್ಸು ಬಿಟ್ರೆ ನಿಮಗೆ ಏನಿದೆ ಅಂತ ನನಗೆ ಗೊತ್ತಿಲ್ವಾ? ಅದನ್ನ ನಾನೇ ಕಿತ್ಕೋಬೇಕಾ?” ಅಂದಳು. “ತಪ್ಪು ರೀ. ಶಾಲೆ ಮಕ್ಕಳು ಹತ್ತೋದು ನೋಡಿದಾಗೆಲ್ಲ ಇವತ್ತು ಹೇಳ್ಬೇಕು ಅಂದ್ಕೊಳ್ತಿದ್ದೆ. ಆದ್ರೂ ಹೇಳೋಕೆ ಧೈರ್ಯ ಬರಲಿಲ್ಲ.”

“ಸರಿ, ಇಲ್ಲಿ ಹಿಂದೆ ಕೂತು ನೀನು ಏನು ಮಾಡೋಕಾಗ್ತಿತ್ತು? ಬ್ರೇಕು ಇಲ್ಲಿಲ್ಲ, ಸ್ಟೇರಿಂಗು ಇಲ್ಲಿಲ್ಲ.”

ಅವಳು ಕಿಟಕಿಯ ಕಡೆ ತಿರುಗಿಕೊಂಡಳು.

“ಏನೂ ಇಲ್ಲ. ಏನಾದ್ರೂ ಆದ್ರೆ ನಾನೂ ಅದರೊಳಗೇ ಇರ್ಲಿ ಅಂತ.”

ಒಂದು ವರ್ಷ, ದಿನಾ ಮಧ್ಯಾಹ್ನ, ಹೊಲಿಗೆ ಬಿಟ್ಟು ಬಂದು ಇಲ್ಲಿ ಕೂತಿದ್ದಾಳೆ. ನಾನು ಮುಂದೆ ಹಾರ್ನ್ ಹೊಡೆದುಕೊಂಡು ಹೋಗುತ್ತಿದ್ದೆ. ಅವಳ ಕೈ ತೆಗೆದುಕೊಂಡು ನನ್ನ ತೊಡೆಯ ಮೇಲೆ ಇಟ್ಟುಕೊಂಡೆ. ಬೆರಳ ತುದಿಗಳೆಲ್ಲ ಸೂಜಿ ಚುಚ್ಚಿ ಒರಟಾಗಿವೆ. ಹೊರಗೆ ಯಾವ ಯಾವ ಸ್ಟಾಪು ಬಂತೋ, ಯಾರು ಹತ್ತಿದರೋ, ಯಾರು ಇಳಿದರೋ, ನಾನು ನೋಡಲಿಲ್ಲ.

ಪೀಪಿ ಬಂದು ಭುಜ ಮುಟ್ಟಿ, “ಗುರೂ, ನಿಮ್ಮ ಸ್ಟಾಪು ಹೋಗಿ ಎರಡು ಸ್ಟಾಪಾಯ್ತು” ಅಂದ. ಇಳಿದು ಇಬ್ಬರೂ ನಡೆದುಕೊಂಡು ವಾಪಸ್ ಬಂದೆವು. ಅವಳು ನನ್ನ ಎಡಗಡೆಗೆ ಇದ್ದಳು.